ಕುಲುಮೆಯೂ ಕೋಶವೂ: ಭದ್ರಾವತಿ ಶಿವಮೊಗ್ಗಗಳಲ್ಲಿ ವಿದ್ಯೆಯ ಕೊಳುಕೊಡೆ

೧

ಒಂದು ಸಂಸ್ಥೆಯಲ್ಲಿ ಕೂಡಿಬಂದ ತಿಳಿವಳಿಕೆಯು ಮತ್ತೊಂದು ಸಂಸ್ಥೆಯ ಉಪಯೋಗಕ್ಕೆ ಬರುವುದು ಹೇಗೆಂಬ ಪ್ರಶ್ನೆಯನ್ನು ಈಚಿನ ವ್ಯವಹಾರಶಾಸ್ತ್ರಜ್ಞರು ವಿಶೇಷವಾಗಿ ಚರ್ಚಿಸಿರುವರು. ಇದಕ್ಕೆ ಅವರು ಜ್ಞಾನಜಾಲವೆಂಬ ಹೆಸರನ್ನು ಕೊಟ್ಟಿರುವರು. ತಜ್ಞರು ಪರಸ್ಪರ ಪರಿಚಿತರಾಗಿ, ಒಬ್ಬನು ಕಂಡುದನ್ನು ಮತ್ತೊಬ್ಬನಿಗೆ ತಿಳಿಸುತ್ತ, ಒಬ್ಬನ ತಪ್ಪನ್ನು ಮತ್ತೊಬ್ಬನು ತಿದ್ದುತ್ತ ಬಂದರೆ, ಪ್ರತಿಯೊಂದನ್ನೂ ಮೊದಲಿನಿಂದ ಕಲಿಯಬೇಕಾದ ಶ್ರಮವು ಸಂಸ್ಥೆಗಳಿಗೆ ತಪ್ಪುವುದೆಂಬುದು ಅವರ ಸಿದ್ಧಾಂತದ ಸಾರ. ಸಿದ್ಧಾಂತವು ಸಾಧುವಾದುದೇ ಸರಿ. ಆದರೆ ಅದನ್ನು ಪ್ರತಿಪಾದಿಸುವವರು ಸಾಮಾನ್ಯವಾಗಿ ಕೇಳದೆ ಬಿಡುವ ಪ್ರಶ್ನೆಯೊಂದುಂಟು. ಈ ಕೊಳುಕೊಡೆಯು ಯಾವ ಭಾಷೆಯಲ್ಲಿ ನಡೆಯುವುದು? ಈ ಪ್ರಶ್ನೆ ಹುಟ್ಟಿದೊಡನೆ ವಿಷಯವು ಕಾರ್ಖಾನೆಯ ಗೋಡೆಯೊಳಗೆ ನಿಲ್ಲದೆ ನಿಘಂಟುಕಾರರ, ಶಾಸನಜ್ಞರ ಮತ್ತು ಸಾಹಿತ್ಯವಿಮರ್ಶಕರ ಕ್ಷೇತ್ರಕ್ಕೆ ಬಂದು ಸೇರುವುದು.

ಈ ಪ್ರಶ್ನೆಯನ್ನು ಪರೀಕ್ಷಿಸುವುದಕ್ಕೆ ಶಿವಮೊಗ್ಗ ಭದ್ರಾವತಿಗಳಿಗಿಂತ ಅನುಕೂಲವಾದ ಸ್ಥಳವು ಕನ್ನಡನಾಡಿನಲ್ಲಿ ದೊರೆಯುವುದು ಕಷ್ಟ. ಶಿವಮೊಗ್ಗವು ತುಂಗೆಯ ದಡದ ಊರು. ಭದ್ರಾವತಿಯು ಭದ್ರೆಯ ದಡದ ಊರು. ನಡುವಣ ದೂರ ಸುಮಾರು ೨೦ ಕಿಲೋಮೀಟರು ಮಾತ್ರ. ಮೊದಲನೆಯದು ಸಾಹಿತ್ಯಸಂಘಗಳಿಗೂ ವಿದ್ಯಾಶಾಲೆಗಳಿಗೂ ನೆಲೆಯಾಯಿತು. ಹಿಂದೆ ಬೆಂಕಿಪುರವೆಂದು ಹೆಸರಾಗಿದ್ದ ಎರಡನೆಯದು ಕಬ್ಬಿಣ, ಉಕ್ಕು, ಕಾಗದಗಳ ಕಾರ್ಖಾನೆಗಳಿಗೆ ನೆಲೆಯಾಯಿತು. ಒಂದರಲ್ಲಿ ಮಾತಿನ ತಜ್ಞರು, ಇನ್ನೊಂದರಲ್ಲಿ ಕೈಕೆಲಸದ ತಜ್ಞರು, ಇಷ್ಟು ಹತ್ತಿರದಲ್ಲಿ ಇಷ್ಟು ದೀರ್ಘಕಾಲ ಇದ್ದರು. ಹೀಗಿರಲು ಇವರಿಂದ ಅವರಿಗೂ ಅವರಿಂದ ಇವರಿಗೂ ಸಂದ ವಿದ್ಯೆಯೆಷ್ಟು ಎಂದು ಲೆಕ್ಕ ನೋಡುವುದು ಅಸಂಗತವಾಗದು.

ತಿಳಿವಳಿಕೆಯು ಸಂಸ್ಥೆಯಿಂದ ಸಂಸ್ಥೆಗೆ ಸಾಗಬೇಕಾದರೆ ಮೂರು ಅಂಗಗಳು ಅವಶ್ಯಕ. ಕೆಲಸ ಬಲ್ಲವನ ಮಾತಿನಲ್ಲಿಯೇ ಅದಕ್ಕೊಂದು ರೂಪವಿರಬೇಕು. ಹುಡುಕಿಬಂದವನಿಗೆ ದೊರೆಯುವಂತೆ ಅದಕ್ಕೊಂದು ನೆಲೆಯಿರಬೇಕು. ತಪ್ಪು ಕಂಡಾಗ ತಿದ್ದುವುದಕ್ಕೆ ಹಿಂದಿರುಗುವ ದಾರಿಯಿರಬೇಕು. ಶಿವಮೊಗ್ಗ ಸೀಮೆಯ ಶಾಸನಗಳ ವಿಷಯದಲ್ಲಿ ಈ ಮೂರು ಅಂಗಗಳೂ ಒದಗಿದುವು. ಭದ್ರಾವತಿಯ ಕುಲುಮೆಯ ವಿಷಯದಲ್ಲಿ ಸಾಕಷ್ಟು ಒದಗಲಿಲ್ಲ. ಈ ವ್ಯತ್ಯಾಸಕ್ಕೆ ಕಾರಣವೇನೆಂಬುದೇ ಪ್ರಕೃತ ವಿಚಾರ.

೨

ಮೊದಲು ಎರಡು ಊರುಗಳ ಸಂಸ್ಥೆಗಳ ಮೂಲವನ್ನು ನೋಡಬೇಕು. ೧೯೧೧ರಲ್ಲಿ ಮೈಸೂರು ಸಂಸ್ಥಾನದಲ್ಲಿ ಸಂಪದಭ್ಯುದಯ ಸಮಾಜವು ಸ್ಥಾಪಿತವಾಯಿತು. ವ್ಯವಸಾಯ, ವಿದ್ಯಾಭ್ಯಾಸ, ಕೈಗಾರಿಕೆ ಮತ್ತು ವಾಣಿಜ್ಯ ಇವುಗಳಿಗೆ ಬೇರೆಬೇರೆ ಸಮಿತಿಗಳಿದ್ದರೂ ಅವೆಲ್ಲವೂ ಒಂದೇ ಸಮಾಜದ ಅಂಗಗಳಾಗಿದ್ದುವು. ಅಧಿಕಾರಿಗಳೂ ಅಧಿಕಾರಿಗಳಲ್ಲದ ಮಹನೀಯರೂ ಒಂದೆಡೆ ಕುಳಿತು ತಮ್ಮ ತಮ್ಮ ಅನುಭವವನ್ನು ಹೇಳಿಕೊಳ್ಳಬೇಕೆಂಬುದು ಅದರ ಉದ್ದೇಶ. ಇಂದಿನವರು ಜ್ಞಾನಜಾಲವೆಂದು ಕರೆಯುವುದನ್ನು ಶ್ರೀ ಎಂ. ವಿಶ್ವೇಶ್ವರಯ್ಯನವರು ಆ ಹೆಸರಿಲ್ಲದೆಯೇ ಕಟ್ಟತೊಡಗಿದ್ದರೆಂದು ಹೇಳಬಹುದು. ೧೯೧೫ರಲ್ಲಿ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟುವುದಕ್ಕೆ ಪ್ರೇರಣೆಯು ದೊರೆತುದು ಈ ಸಮಾಜದಿಂದಲೇ. ಮರುವರ್ಷ ಮೈಸೂರು ವಿಶ್ವವಿದ್ಯಾನಿಲಯವು ಹುಟ್ಟಿತು. ೧೯೧೮ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಸಮ್ಮತಿ ದೊರೆಯಿತು. ೧೯೨೩ರಲ್ಲಿ ಅದರ ಕುಲುಮೆಯಿಂದ ಕಬ್ಬಿಣವು ಹೊರಬಂದಿತು. ಆ ವರ್ಷದಿಂದ ೧೯೨೯ರವರೆಗೆ ಅದರ ಆಡಳಿತಮಂಡಲಿಗೆ ಅಧ್ಯಕ್ಷರಾಗಿದ್ದವರೂ ವಿಶ್ವೇಶ್ವರಯ್ಯನವರೇ.

ಸಾಹಿತ್ಯ ಪರಿಷತ್ತೂ ಕಬ್ಬಿಣದ ಕಾರ್ಖಾನೆಯೂ ಹೀಗೆ ಒಂದೇ ಕಾಲದ, ಒಂದೇ ಸಂಕಲ್ಪದ ಫಲಗಳು. ಸಾಹಿತ್ಯಚರಿತ್ರೆಯನ್ನು ಬರೆಯುವವರು ಮೊದಲನೆಯದನ್ನು ಮಾತ್ರ ಹೇಳಿ ಎರಡನೆಯದನ್ನು ಬಿಡುವರು. ಕೈಗಾರಿಕೆಯ ಚರಿತ್ರೆಯನ್ನು ಬರೆಯುವವರು ಎರಡನೆಯದನ್ನು ಹೇಳಿ ಮೊದಲನೆಯದನ್ನು ಬಿಡುವರು. ಮೂಲದಲ್ಲಿದ್ದ ಸಂಬಂಧವು ಆಮೇಲೆ ಕಡಿದುಹೋದುದನ್ನು ಈ ಬರವಣಿಗೆಯ ಕ್ರಮವೇ ತೋರಿಸುವುದು.

ಮೊದಮೊದಲು ಸಂಬಂಧವು ಕಡಿಯದಂತೆ ನೋಡಿಕೊಳ್ಳುವ ಪ್ರಯತ್ನವು ನಡೆಯದೆ ಇರಲಿಲ್ಲ. ಕಾರ್ಖಾನೆಗೆ ಸಮ್ಮತಿ ದೊರೆತ ಕಾಲದಲ್ಲಿಯೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಬೆಂಗಳೂರಿನಿಂದ ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆಯನ್ನು ನಡೆಸಿದರು. ಅದು ಅಲ್ಪಾಯುವಾಯಿತು. ಆದರೂ ಬೆಳ್ಳಾವೆಯವರ ವಿಷಯದಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಭೌತಶಾಸ್ತ್ರವನ್ನು ಬೋಧಿಸುತ್ತಿದ್ದ ಅವರೇ ಪರಿಷತ್ತಿನ ಆರಂಭದ ಕಾರ್ಯಕರ್ತರು. ಪಂಪಭಾರತದ ಪರಿಷ್ಕರಣದಲ್ಲಿ ಪ್ರಮುಖರು. ‘ಜೀವವಿಜ್ಞಾನ’ವೆಂಬ ಗ್ರಂಥದ ಕರ್ತರು. ಎರಡು ಸಂಸ್ಥೆಗಳ ನಡುವೆ ನಿಂತು ಇತ್ತಣ ಮಾತನ್ನು ಅತ್ತ, ಅತ್ತಣ ಮಾತನ್ನು ಇತ್ತ ಮುಟ್ಟಿಸಬಲ್ಲ ವ್ಯಕ್ತಿಯಿಲ್ಲದೆ ಯಾವ ಜಾಲವೂ ನಿಲ್ಲದೆಂಬುದಕ್ಕೆ ಅವರೇ ನಿದರ್ಶನ. ಬೆಂಗಳೂರಿಗೆ ಅಂತಹ ವ್ಯಕ್ತಿ ದೊರೆತರು. ಭದ್ರೆಗೂ ತುಂಗೆಗೂ ನಡುವೆ ಅಂತಹವರು ವಿರಳರಾದರು.

ಶಿವಮೊಗ್ಗದ ಕಡೆಯಿಂದಲೂ ಪ್ರಯತ್ನಕ್ಕೆ ಕೊರತೆಯಿರಲಿಲ್ಲ. ೧೯೩೦ರಲ್ಲಿ ಅಲ್ಲಿ ಕರ್ನಾಟಕ ಸಂಘವು ಹುಟ್ಟಿತು. ೧೯೪೦ರ ಸುಮಾರಿಗೆ ಕಾಲೇಜು ಬಂದಿತು. ೧೯೪೩ರಲ್ಲಿ ಶ್ರೀ ದ. ರಾ. ಬೇಂದ್ರೆಯವರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನವು ಸೇರಿತು. ಉಪನ್ಯಾಸಗಳೂ ಕಾವ್ಯವಾಚನಗಳೂ ಗ್ರಂಥಪುರಸ್ಕಾರಗಳೂ ಆ ಸೀಮೆಯ ಸಹೃದಯರನ್ನು ನಾಡಿನ ಇತರ ಸಹೃದಯರೊಡನೆ ಸೇರಿಸಿದುವು. ಸಾಹಿತ್ಯದ ಒಳಗಣ ಜಾಲವು ಹೀಗೆ ದೃಢವಾಯಿತು. ಸಾಹಿತ್ಯಕ್ಕೂ ಕಸುಬಿಗೂ ನಡುವಣ ಜಾಲವು ಅದೇ ಪ್ರಮಾಣದಲ್ಲಿ ಬೆಳೆಯಲಿಲ್ಲ.

೩

ಜಾಲವು ಸರಿಯಾಗಿ ಕೆಲಸಮಾಡಿದ ಉದಾಹರಣೆಯೊಂದನ್ನು ಇದೇ ಜಿಲ್ಲೆಯಿಂದಲೇ ಕೊಡಬಹುದು. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಗ್ರಂಥಮಾಲೆಯಲ್ಲಿ ಶಿವಮೊಗ್ಗ ಜಿಲ್ಲೆಗೆ ಎರಡು ಸಂಪುಟಗಳು ಮೀಸಲಾಗಿವೆ. ಏಳನೆಯದು ೧೯೦೨ರಲ್ಲಿಯೂ ಎಂಟನೆಯದು ೧೯೦೪ರಲ್ಲಿಯೂ ಹೊರಬಂದುವು. ಇವು ಒಬ್ಬರ ಕೃತಿಯೆಂದು ತೋರಿದರೂ ವಾಸ್ತವವಾಗಿ ಅನೇಕರ ಕೈಗಳ ಕೆಲಸ. ಹಳ್ಳಿಹಳ್ಳಿಗೆ ಹೋಗಿ ಕಲ್ಲನ್ನು ತೊಳೆದು ಅಚ್ಚು ತೆಗೆದವರು, ಅಕ್ಷರವನ್ನು ಓದಿದ ಪಂಡಿತರು, ಪಾಠವನ್ನು ಕನ್ನಡದಲ್ಲಿಯೂ ರೋಮನ್ ಲಿಪಿಯಲ್ಲಿಯೂ ಬರೆದವರು, ಭಾಷಾಂತರವನ್ನು ನೋಡಿದವರು, ಇವರೆಲ್ಲರ ಶ್ರಮವು ಅದರಲ್ಲಿ ಕೂಡಿದೆ.

ಈ ಸಂಪುಟಗಳ ನಿಜವಾದ ಶಕ್ತಿಯು ಅವುಗಳ ಸಂಖ್ಯಾಕ್ರಮದಲ್ಲಿದೆಯೆಂದರೆ ಮೊದಲು ವಿಚಿತ್ರವಾಗಿ ಕೇಳಬಹುದು. ಶಿಕಾರಿಪುರ ೧೭೬ ಎಂದೊಡನೆ ತಾಳಗುಂದದ ಸ್ತಂಭಶಾಸನವೆಂದು ವಿದ್ವಾಂಸರೆಲ್ಲರಿಗೂ ತಿಳಿಯುವುದು. ತಾಲ್ಲೂಕಿನ ಹೆಸರು, ಅದರ ಮುಂದೆ ಒಂದು ಅಂಕ, ಇಷ್ಟು ಮಾತ್ರದಿಂದ ಪ್ರತಿಯೊಂದು ಶಾಸನಕ್ಕೂ ಒಂದು ನೆಲೆಯು ದೊರೆಯಿತು. ರೈಸ್ ಅವರ ಓದಿನಲ್ಲಿ ತಪ್ಪಿದ್ದರೆ ಮತ್ತೊಬ್ಬನು ಅದೇ ಕಲ್ಲಿನ ಬಳಿಗೆ ಹೋಗಿ ನೋಡಿ ತಿದ್ದಬಹುದಾಯಿತು. ಹಾಗೆ ತಿದ್ದಿದವರು ಅನೇಕರು. ಕವಿಗಳ ಕಾಲವನ್ನು ನಿರ್ಣಯಿಸಿದವರೂ ರಾಜವಂಶಗಳ ಚರಿತ್ರೆಯನ್ನು ಬರೆದವರೂ ವ್ಯಾಕರಣವನ್ನು ಪರಿಶೋಧಿಸಿದವರೂ ಆ ನೆಲೆಯನ್ನು ಹಿಡಿದೇ ಹೋದರು. ಪರಿಷತ್ತಿನ ಕನ್ನಡ ನಿಘಂಟು ೧೯೭೦ರಲ್ಲಿ ಮೊದಲ ಸಂಪುಟವನ್ನು ಕಂಡು ೧೯೯೫ರಲ್ಲಿ ಎಂಟನೆಯ ಸಂಪುಟದೊಡನೆ ಪೂರ್ಣವಾದಾಗ, ಶಾಸನದಲ್ಲಿ ಬಂದ ಶಬ್ದಗಳು ತಮ್ಮ ಪ್ರಯೋಗಗಳೊಡನೆ ಅದರಲ್ಲಿ ಸೇರಿದುವು. ಕಲ್ಲಿನಿಂದ ಅಚ್ಚಿಗೆ, ಅಚ್ಚಿನಿಂದ ಸಂಪುಟಕ್ಕೆ, ಸಂಪುಟದಿಂದ ಚೀಟಿಗೆ, ಚೀಟಿಯಿಂದ ಕೋಶಕ್ಕೆ ಶಬ್ದವು ಸಾಗಿತು. ಪರಸ್ಪರ ಮುಖ ನೋಡದ, ಬೇರೆಬೇರೆ ತಲೆಮಾರುಗಳ ವಿದ್ವಾಂಸರು ಒಂದೇ ಕೆಲಸದಲ್ಲಿ ಪಾಲುಗಾರರಾದರು.

ಆ ಶಾಸನಗಳಲ್ಲಿ ಎರಡು ಈ ವಿಚಾರಕ್ಕೆ ನೇರವಾಗಿ ಸಂಬಂಧಪಟ್ಟಿವೆ. ತಾಳಗುಂದದ ಸ್ತಂಭದ ಮೇಲೆ ಕವಿ ಕುಬ್ಜನು ರಚಿಸಿದ ಸಂಸ್ಕೃತಪದ್ಯಗಳು ಕದಂಬ ಮಯೂರಶರ್ಮನು ತನ್ನ ಗುರುವಿನೊಡನೆ ಕಾಂಚಿಯ ಘಟಿಕೆಗೆ ವಿದ್ಯಾರ್ಥಿಯಾಗಿ ಹೋದುದನ್ನು ಹೇಳುವುವು. ಊರಿನಲ್ಲಿ ದೊರೆತ ವಿದ್ಯೆಯನ್ನು ದೂರದ ವಿದ್ಯಾಸ್ಥಾನದಲ್ಲಿ ತುಂಬಿಕೊಳ್ಳುವ ಪದ್ಧತಿಯು ಐದನೆಯ ಶತಮಾನಕ್ಕೆ ಹಿಂದೆಯೇ ಈ ಸೀಮೆಯಲ್ಲಿ ರೂಢವಾಗಿತ್ತೆಂದು ಇದರಿಂದ ಸಿದ್ಧವಾಗುವುದು. ಎರಡನೆಯದು ಬಳ್ಳಿಗಾವೆಯ ಕೋಡಿಯಮಠದ ೧೧೬೨ರ ಶಾಸನ. ವೇದಗಳು, ಹಲವು ವ್ಯಾಕರಣಗಳು, ದರ್ಶನಗಳು, ಯೋಗ, ಪುರಾಣ, ಕಾವ್ಯ, ನಾಟಕ ಇವೆಲ್ಲವೂ ಅಭ್ಯಾಸವಾಗುತ್ತಿದ್ದ ಸ್ಥಾನವೆಂದು ಅದು ಆ ಮಠವನ್ನು ವರ್ಣಿಸುವುದು. ಬಂದವರಿಗೆ ಅನ್ನವೂ ರೋಗಿಗಳಿಗೆ ಚಿಕಿತ್ಸೆಯೂ ಅಲ್ಲಿ ದೊರೆಯುತ್ತಿದ್ದುವೆಂದು ಅದರಿಂದ ತಿಳಿಯುವುದು. ಪ್ರಶಸ್ತಿಯ ಅಂಶವನ್ನು ಕಳೆದರೂ ಉಳಿಯುವುದು ಅಲ್ಪವಲ್ಲ. ಬೇರೆಬೇರೆ ಮತಗಳ ಶಾಸ್ತ್ರಗಳು ಒಂದೇ ಸೂರಿನಡಿ ಸೇರಿ, ಪರದೇಶಿಗಳು ಬಂದುಹೋಗುತ್ತಿದ್ದರೆಂದ ಮೇಲೆ ಕೊಳುಕೊಡೆಯು ನಡೆದೇ ಇರಬೇಕು.

೪

ಆದರೆ ಕೋಡಿಯಮಠದ ಪಟ್ಟಿಯಲ್ಲಿ ಶಿಲ್ಪಿಯ ಉಳಿಯ ವಿದ್ಯೆಯಾಗಲಿ ಕಮ್ಮಾರನ ಕುಲುಮೆಯ ವಿದ್ಯೆಯಾಗಲಿ ಶಾಸ್ತ್ರಗಳ ಸಾಲಿನಲ್ಲಿ ನಿಂತಿಲ್ಲ. ಆ ಕಾಲದಲ್ಲಿ ಅಂತಹ ವಿದ್ಯೆಯು ಸಂಚರಿಸುತ್ತಿರಲಿಲ್ಲವೆಂದು ಇದರ ಅರ್ಥವಾಗದು. ಅದೇ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಬೇಲೂರಿಗೆ ಹೋಗಿ ಚೆನ್ನಕೇಶವ ದೇವಾಲಯದ ವಿಗ್ರಹಗಳನ್ನು ಕೆತ್ತಿ, ಅವುಗಳ ಕೆಳಗೆ ತಮ್ಮ ಹೆಸರನ್ನು ಬರೆದಿರುವರು. ಚಾಲುಕ್ಯರ ಸೀಮೆಯ ಶಿಲ್ಪವಿದ್ಯೆಯು ಹೊಯ್ಸಳರ ಸೀಮೆಗೆ ಸಾಗಿದ ದಾರಿಯು ಆ ಹೆಸರುಗಳಿಂದ ಕಾಣುವುದು. ಪಂಡಿತರ ವಿದ್ಯೆಗೆ ಪ್ರಶಸ್ತಿಶಾಸನವೂ ಕುಶಲಕರ್ಮಿಯ ವಿದ್ಯೆಗೆ ಸಹಿಯೂ ಸಾಕ್ಷಿಗಳಾಗಿ ಉಳಿದಿವೆ. ಸಹಿಯು ಯಾರು ಮಾಡಿದರೆಂಬುದನ್ನು ಹೇಳುವುದು. ಹೇಗೆ ಮಾಡಿದರೆಂಬುದನ್ನು ಹೇಳಲಾರದು.

ಈ ಕೊರತೆಯನ್ನು ಕನ್ನಡ ವಾಙ್ಮಯವು ವಚನಗಳಲ್ಲಿ ತುಂಬಿಕೊಂಡಿತೆಂದು ವಿಮರ್ಶಕರಲ್ಲಿ ಒಂದು ಅಭಿಪ್ರಾಯವುಂಟು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ ಮುಂತಾದವರ ವಚನಗಳಲ್ಲಿ ಕಾಯಕದ ಮಾತುಗಳು ಬಂದುದರಿಂದ ಕಸುಬಿನ ವಿದ್ಯೆಗೆ ಸಾಹಿತ್ಯದಲ್ಲಿ ಸ್ಥಾನ ದೊರೆತಂತಾಯಿತೆಂದು ಅವರ ವಾದ. ಬಳ್ಳಿಗಾವೆಯ ಅಲ್ಲಮಪ್ರಭುವನ್ನು ಕೇಂದ್ರದಲ್ಲಿಟ್ಟು ಶೂನ್ಯಸಂಪಾದನೆಗಳು ಚಿತ್ರಿಸಿದ ಶರಣರ ಗೋಷ್ಠಿಯನ್ನು ಇದಕ್ಕೆ ಪ್ರಮಾಣವಾಗಿ ತೋರಿಸುವರು. ಬೇರೆಬೇರೆ ಕಾಯಕದವರು ಸಮಾನರಾಗಿ ಕುಳಿತು ಸಂವಾದಿಸಿದ ಆ ಚಿತ್ರವು ಬಹು ಬೆಲೆಯುಳ್ಳದ್ದೆಂಬುದರಲ್ಲಿ ಸಂದೇಹವಿಲ್ಲ. ಹಾಗಿದ್ದರೂ ಎರಡು ವಿಷಯಗಳನ್ನು ಇಲ್ಲಿ ಬೇರ್ಪಡಿಸಬೇಕಾಗಿದೆ. ವಚನಕಾರನು ದೋಣಿಯನ್ನೂ ಹಗ್ಗವನ್ನೂ ಹೆಸರಿಸುವುದು ಅಧ್ಯಾತ್ಮವನ್ನು ಹೇಳುವುದಕ್ಕೆ. ದೋಣಿಯನ್ನು ಕಟ್ಟುವ ಬಗೆಯನ್ನು ತಿಳಿಸುವುದು ಅವನ ಉದ್ದೇಶವಲ್ಲ. ಅದನ್ನು ಅವನಿಂದ ನಿರೀಕ್ಷಿಸುವುದು ಅನ್ಯಾಯ. ಕಸುಬಿನ ಮಾತು ರೂಪಕವಾಗಿ ಸಾಹಿತ್ಯಕ್ಕೆ ಬಂದರೆ ಭಾಷೆಯು ಸಮೃದ್ಧವಾಗುವುದು. ಕಸುಬು ಅದರಿಂದ ಉಳಿಯುವುದಿಲ್ಲ. ಮಾತಿಗೆ ಸಂದ ಗೌರವವನ್ನು ವಿದ್ಯೆಗೆ ಸಂದ ರಕ್ಷಣೆಯೆಂದು ತಿಳಿದುದರಿಂದಲೇ ವಿಮರ್ಶೆಯು ಕಾರ್ಖಾನೆಯ ಕಡೆಗೆ ಕಣ್ಣು ಹಾಯಿಸದೆ ನಿಶ್ಚಿಂತವಾಗಿದ್ದಿತು.

ವಿದ್ಯೆಯನ್ನೇ ಉಳಿಸುವ ಸಂಪ್ರದಾಯವು ಕನ್ನಡದಲ್ಲಿ ಬೇರೆಯಾಗಿಯೇ ಇದ್ದಿತು. ಸುಮಾರು ೧೦೨೫ರ ಚಾವುಂಡರಾಯನ ‘ಲೋಕೋಪಕಾರ’ವು ನೆಲದೊಳಗಿನ ನೀರನ್ನು ಕಾಣುವ ಬಗೆ, ಗಿಡಮರಗಳ ಆರೈಕೆ, ಸುಗಂಧದ್ರವ್ಯ, ಅಡಿಗೆ, ಪಶುವೈದ್ಯ ಇವುಗಳನ್ನು ಕನ್ನಡದಲ್ಲಿಯೇ ಹೇಳಿತು. ಏಳುನೂರು ವರ್ಷಗಳ ಮೇಲೆ ಇದೇ ಮಲೆನಾಡಿನಲ್ಲಿ ಕೆಳದಿಯ ಬಸವರಾಜನು ರಚಿಸಿದ ‘ಶಿವತತ್ತ್ವರತ್ನಾಕರ’ವು ಅದಕ್ಕಿಂತ ಎಷ್ಟೋ ವಿಸ್ತಾರವಾದ ವಿಶ್ವಕೋಶ, ಒಂಬತ್ತು ಕಲ್ಲೋಲಗಳಲ್ಲಿ ೧೦೮ ತರಂಗಗಳು. ಅದರ ಭಾಷೆಯಾದರೋ ಸಂಸ್ಕೃತ. ಕಾಶಿಯ ಪಂಡಿತನೂ ಕಾಂಚಿಯ ಪಂಡಿತನೂ ಅದನ್ನು ಓದಬಲ್ಲವರಾದರು. ಕೆಳದಿಯ ಬಡಗಿಗೂ ಕಮ್ಮಾರನಿಗೂ ಅದು ದೂರವಾಯಿತು. ವ್ಯಾಪ್ತಿಯು ಅಡ್ಡಲಾಗಿ ಬೆಳೆದು, ಆಳಕ್ಕೆ ಇಳಿಯುವ ದಾರಿಯು ಮುಚ್ಚಿತು. ಭದ್ರಾವತಿಯಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ನಡೆದುದೂ ಬಹುಮಟ್ಟಿಗೆ ಇದೇ. ಸಂಸ್ಕೃತವಿದ್ದ ಸ್ಥಾನದಲ್ಲಿ ಇಂಗ್ಲಿಷು ಬಂದಿತ್ತು.

೫

ಭದ್ರಾವತಿಯ ಕಾರ್ಖಾನೆಯು ಇತರ ಕಬ್ಬಿಣದ ಕಾರ್ಖಾನೆಗಳಂತಿರಲಿಲ್ಲ. ಹತ್ತಿರದಲ್ಲಿ ಕಲ್ಲಿದ್ದಲಿಲ್ಲದುದರಿಂದ ಅದು ಮಲೆನಾಡಿನ ಮರದ ಇದ್ದಲನ್ನು ನಂಬಿಕೊಂಡು ನಡೆಯಿತು. ಅದಿರು ಬಾಬಾಬುಡನ್ ಗಿರಿಯ ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು. ಮರವನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ ಇದ್ದಲನ್ನು ಮಾಡುವಾಗ ಹೊರಡುವ ಆವಿಯಿಂದ ಟಾರು, ಮರದ ಮದ್ಯಸಾರ ಮುಂತಾದ ಪದಾರ್ಥಗಳನ್ನೂ ತೆಗೆಯುತ್ತಿದ್ದರು. ಮರದ ಇದ್ದಲಿನಲ್ಲಿ ಗಂಧಕವು ಬಹು ಕಡಿಮೆಯಾದುದರಿಂದ ಕಬ್ಬಿಣವು ಶುದ್ಧವಾಗುವುದು; ಆದರೆ ಅಂತಹ ಇದ್ದಲು ಮೆದುವಾದುದರಿಂದ ಹೆಚ್ಚು ಭಾರ ಬಿದ್ದರೆ ಪುಡಿಯಾಗಿ ಗಾಳಿಯ ದಾರಿಯನ್ನು ಮುಚ್ಚುವುದು. ಯಾವ ಮರದ ಇದ್ದಲು ಗಟ್ಟಿ, ಎಷ್ಟು ಒಣಗಿದ ಮರವನ್ನು ಒಳಗೆ ಬಿಡಬೇಕು, ಕುಲುಮೆಯ ಬಾಯಲ್ಲಿ ಅದಿರನ್ನೂ ಇದ್ದಲನ್ನೂ ಸುಣ್ಣಕಲ್ಲನ್ನೂ ಹೇಗೆ ಹರಡಬೇಕು ಎಂಬುವು ಪ್ರತಿದಿನದ ಪ್ರಶ್ನೆಗಳು. ಹರಿದುಬರುವ ಕಿಟ್ಟದ ಬಣ್ಣವನ್ನೂ ಹರಿಯುವ ರೀತಿಯನ್ನೂ ನೋಡಿ ಕುಲುಮೆಯ ಒಳಗಣ ಕಾವನ್ನು ಅಳೆಯುವುದು ಅನುಭವಿಯ ಕಣ್ಣಿನ ಕೆಲಸ. ಕಿಟ್ಟವು ಕಪ್ಪಾದರೆ ಕಾವು ಇಳಿದಿದೆ, ಕಬ್ಬಿಣವು ಕಿಟ್ಟದೊಡನೆ ಹರಿದುಹೋಗುತ್ತಿದೆ ಎಂದು ಅವನು ಕಾಣಬಲ್ಲನು.

ಈ ಬಗೆಯ ತಿಳಿವಿಗೆ ಕನ್ನಡದಲ್ಲಿ ಒಂದು ಶಬ್ದವುಂಟು. ಅದು ಹದ. ಅನ್ನಕ್ಕೆ ಹದವಿದೆ, ಪಾಕಕ್ಕೆ ಹದವಿದೆ, ಉಳುವ ಮಣ್ಣಿಗೆ ಹದವಿದೆ, ಚರ್ಮಕ್ಕೂ ಕಬ್ಬಿಣಕ್ಕೂ ಹದವಿದೆ. ಹದವನ್ನು ಅಳತೆಯಿಂದ ಸಮೀಪಿಸಬಹುದು, ಅಳತೆಯಲ್ಲಿ ಮುಗಿಸಲಾಗದು. ಮೈಕೇಲ್ ಪೊಲಾನ್ಯಿಯವರು ೧೯೫೮ರಲ್ಲಿಯೂ ೧೯೬೬ರಲ್ಲಿಯೂ ಪ್ರಕಟವಾದ ಗ್ರಂಥಗಳಲ್ಲಿ, ಮನುಷ್ಯನ ತಿಳಿವಿನ ಬಹುಭಾಗವು ಮಾತಿಗೆ ಸಿಕ್ಕದೆ ಕೈಯಲ್ಲಿಯೂ ಕಣ್ಣಿನಲ್ಲಿಯೂ ಇರುವುದೆಂದು ಸಾಧಿಸಿದರು. ಜಪಾನಿನ ನೊನಾಕಾ ಮತ್ತು ತಾಕೆಉಚಿಯವರು ೧೯೯೫ರಲ್ಲಿ ಆ ವಿಚಾರವನ್ನು ಕಾರ್ಖಾನೆಗಳಿಗೆ ಅನ್ವಯಿಸಿ, ಅವ್ಯಕ್ತವಾದ ತಿಳಿವನ್ನು ವ್ಯಕ್ತವಾಗಿ ಮಾಡಿಕೊಳ್ಳುವುದರಲ್ಲಿಯೇ ಸಂಸ್ಥೆಗಳ ಏಳಿಗೆಯಿದೆಯೆಂದರು. ಹದವೆಂಬ ಶಬ್ದವನ್ನು ದಿನವೂ ಬಳಸುವವರಿಗೆ ಇದು ಕೇವಲ ಹೊಸ ಮಾತಲ್ಲ. ಹೊಸದಾಗಿರುವುದು, ಹದವನ್ನು ಬಲ್ಲವನ ಬಳಿ ಕುಳಿತು ಅವನಿಂದ ಆದಷ್ಟನ್ನು ಮಾತಾಗಿ ಪಡೆಯುವ ಉಪಾಯ. ಆ ಉಪಾಯಕ್ಕೆ ಮೊದಲ ಮೆಟ್ಟಿಲು ಅವನ ಭಾಷೆ.

ಭದ್ರಾವತಿಯಲ್ಲಿ ಈ ಮೆಟ್ಟಿಲನ್ನು ದಾಟಿಹೋದರು. ಕಾರ್ಖಾನೆಯ ಆರಂಭದಲ್ಲಿ ತಾತಾ ಸಂಸ್ಥೆಯವರ ಆಡಳಿತವೂ ಅಮೆರಿಕೆಯ ತಜ್ಞರ ಸಲಹೆಯೂ ಇದ್ದುವು. ವಿಶ್ವೇಶ್ವರಯ್ಯನವರು ಬಂದಮೇಲೆ ವಿದೇಶೀಯರ ಸ್ಥಾನಗಳ ಹೊಣೆಯನ್ನು ಕ್ರಮೇಣ ದೇಶೀಯರು ಹೊತ್ತರು. ಪರರಿಂದ ಕಲಿತ ವಿದ್ಯೆಯನ್ನು ಸ್ವಂತ ಮಾಡಿಕೊಂಡ ಈ ಸಾಧನೆಯು ಸಾಮಾನ್ಯವಾದುದಲ್ಲ. ೧೯೩೬ರಲ್ಲಿ ಉಕ್ಕು ತಯಾರಾಯಿತು. ಅದೇ ವರ್ಷ ಕಾಗದದ ಕಾರ್ಖಾನೆಯೂ ಅಲ್ಲಿ ಸ್ಥಾಪಿತವಾಯಿತು. ಜೋಗದ ವಿದ್ಯುತ್ತು ಬಂದಮೇಲೆ ೧೯೫೨ರಲ್ಲಿ ವಿದ್ಯುತ್ ಕುಲುಮೆಗಳು ಬಂದುವು. ಇವುಗಳ ವರದಿಗಳೂ ಲೆಕ್ಕಗಳೂ ಇಂಗ್ಲಿಷಿನಲ್ಲಿ ನಡೆದುವು. ವಿಶ್ವೇಶ್ವರಯ್ಯನವರು ೧೯೫೧ರಲ್ಲಿ ಹೊರತಂದ ಆತ್ಮಕಥನವೂ ಇಂಗ್ಲಿಷಿನದೇ. ಗ್ರಂಥವಾಗಿ ಅದನ್ನು ವಿಮರ್ಶಿಸುವುದಾದರೆ, ಆಡಳಿತದ ವ್ಯವಸ್ಥೆ, ಆಯವ್ಯಯ, ಉತ್ಪಾದನೆ ಇವುಗಳನ್ನು ಅಲಂಕಾರವಿಲ್ಲದ ನೇರವಾದ ಶೈಲಿಯಲ್ಲಿ ಹೇಳಿರುವುದು ಅದರ ಗುಣ. ಕುಲುಮೆಯ ಬಾಯಲ್ಲಿ ನಿಂತವನ ಕಣ್ಣಿನಿಂದ ಕಾರ್ಖಾನೆಯನ್ನು ನೋಡುವ ಅವಕಾಶವು ಅದರಲ್ಲಿಲ್ಲ. ಅಧ್ಯಕ್ಷರ ಗ್ರಂಥದಲ್ಲಿ ಅದನ್ನು ಬೇಡುವುದು ಸರಿಯಲ್ಲ. ಅದನ್ನು ಬರೆಯಬೇಕಾಗಿದ್ದವರು ಬೇರೆಯವರು.

ಇಂಗ್ಲಿಷಿನಿಂದ ಆದ ಲಾಭವನ್ನು ಮರೆಯಬಾರದು. ಭದ್ರಾವತಿಯ ಇಂಜಿನಿಯರು ಜಂಷೆಡ್‌ಪುರದವರೊಡನೆಯೂ ವಿದೇಶದವರೊಡನೆಯೂ ಸಮಾನವಾಗಿ ವ್ಯವಹರಿಸುವುದು ಆ ಭಾಷೆಯಿಂದ ಸಾಧ್ಯವಾಯಿತು. ಕಾರ್ಖಾನೆಯಿಂದ ಕಾರ್ಖಾನೆಗೆ ಹಬ್ಬಿದ ಜಾಲವು ಹೀಗೆ ಬಲವಾಯಿತು. ಕಾರ್ಖಾನೆಯ ಒಳಗೆ ಮೇಲಿನವನಿಂದ ಕೆಳಗಿನವನಿಗೆ ಆಜ್ಞೆಯು ಇಳಿಯಿತು. ಕೆಳಗಿನವನ ಅನುಭವವು ಮೇಲೇರುವಾಗ ಭಾಷಾಂತರದ ಜರಡಿಯಲ್ಲಿ ಬಹುಭಾಗ ನಿಂತುಹೋಗುವ ಸಂಭವವು ಇದ್ದೇ ಇತ್ತು. ಕಾರ್ಖಾನೆಯಿಂದ ಊರಿಗೆ, ಶಾಲೆಗೆ, ನಿಘಂಟಿಗೆ ಬರುವ ದಾರಿಯಂತೂ ಮತ್ತಷ್ಟು ಕಿರಿದಾಯಿತು.

೬

ಇದಕ್ಕೆ ಕನ್ನಡದಲ್ಲಿ ಶಬ್ದಗಳಿಲ್ಲದುದೇ ಕಾರಣವೆಂದು ಕೆಲವರು ಹೇಳಬಹುದು. ಈ ಆಕ್ಷೇಪವು ನಿಲ್ಲದು. ಅದಿರು, ತಿದಿ, ಮೂಸೆ, ಎರಕ, ಅಚ್ಚು, ಕಿಟ್ಟ, ಇಕ್ಕುಳ, ಸುತ್ತಿಗೆ, ಸಮ್ಮಟಿಗೆ ಇವೆಲ್ಲವೂ ಯಾವ ಸಮಿತಿಯೂ ಸೃಷ್ಟಿಸದೆ ಬಂದ ಮಾತುಗಳು. ಪಾಶ್ಚಾತ್ಯರು ಭಾರತದ ಉಕ್ಕಿಗೆ ಕೊಟ್ಟ ವೂಟ್ಸ್ ಎಂಬ ಹೆಸರು ಕನ್ನಡದ ಉಕ್ಕು ಎಂಬುದರಿಂದಲೇ ಬಂದುದೆಂದು ಹಲವು ವಿದ್ವಾಂಸರ ಮತ. ಪಾಠಪುಸ್ತಕಗಳಲ್ಲಿ ಬಂದಿರುವ ಊದುಕುಲುಮೆ, ಬೀಡುಕಬ್ಬಿಣ ಎಂಬ ಮಾತುಗಳು ಈ ಮೂಲದಿಂದಲೇ ಸಹಜವಾಗಿ ಬೆಳೆದುವು. ಕೇಳಿದವನಿಗೆ ವ್ಯಾಖ್ಯಾನವು ಬೇಡ. ೧೮೯೪ರ ಕಿಟ್ಟೆಲ್ ಅವರ ಕೋಶವು ಗ್ರಂಥಗಳ ಮಾತಿನೊಡನೆ ಜನರ ಆಡುಮಾತನ್ನೂ ಗಾದೆಯನ್ನೂ ಸೇರಿಸಿಕೊಂಡು, ಕೋಶಕ್ಕೆ ಬೀದಿಯಿಂದಲೂ ಬಾಗಿಲಿರಬೇಕೆಂದು ತೋರಿಸಿಕೊಟ್ಟಿತ್ತು. ೧೯೪೬ರಲ್ಲಿ ಪ್ರಕಟವಾದ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್ ಕನ್ನಡ ನಿಘಂಟು ಮತ್ತೊಂದು ದಿಕ್ಕಿನಿಂದ ಹೊರಟಿತು. ಇಂಗ್ಲಿಷ್ ಶಬ್ದವನ್ನು ಮೊದಲಿಟ್ಟು ಅದಕ್ಕೆ ಕನ್ನಡವನ್ನು ಹುಡುಕುವುದು ಅದರ ಸ್ವರೂಪಕ್ಕೆ ಸಹಜ. ಹಾಗೆ ಹುಡುಕುವಾಗ ಕಮ್ಮಾರನ ಮಾತಿಗಿಂತ ಮೊದಲು ಸಂಸ್ಕೃತದ ಸಮಾಸವು ಪಂಡಿತನ ಕೈಗೆ ಬರುವುದು. ಕೋಶದ ಉಪಯೋಗವು ನಿರ್ವಿವಾದ. ಆದರೆ ಕೈಗಾರಿಕೆಯ ಭಾಷೆಯನ್ನು ಈ ಒಂದೇ ದಿಕ್ಕಿನಿಂದ ಕಟ್ಟಲಾಗದು.

ಮತ್ತೊಂದು ಆಕ್ಷೇಪವು ಇದಕ್ಕಿಂತ ಗಟ್ಟಿಯಾದುದು. ಭದ್ರಾವತಿಯ ಕಾರ್ಮಿಕರೆಲ್ಲರೂ ಕನ್ನಡಿಗರಾಗಿರಲಿಲ್ಲ. ತಮಿಳು, ತೆಲುಗು, ಉರ್ದು, ಮಲೆಯಾಳಗಳನ್ನಾಡುವವರು ಅಲ್ಲಿ ಬಂದು ನೆಲಸಿದರು. ಫಿಟ್ಟರು, ಟರ್ನರು, ಲೇತು, ಫರ್ನೇಸು ಮುಂತಾದ ಮಾತುಗಳು ಎಲ್ಲರ ಬಾಯಲ್ಲಿಯೂ ಒಂದಾದುವು. ಹೀಗಿರಲು ಕಾರ್ಮಿಕನ ಕನ್ನಡವೆಂಬುದು ಎಲ್ಲಿದೆಯೆಂದು ಕೇಳಬಹುದು. ಉತ್ತರವು ಈ ಮಿಶ್ರಣದಲ್ಲಿಯೇ ಇದೆ. ಹಲವು ಭಾಷೆಯವರು ಒಂದು ಕೆಲಸವನ್ನು ಮಾಡುತ್ತ ತಾವಾಗಿಯೇ ಕಟ್ಟಿಕೊಂಡ ಮಾತಿನ ವ್ಯವಸ್ಥೆಗಿಂತ ಸಹಕಾರಕ್ಕೆ ಉತ್ತಮವಾದ ಪ್ರಮಾಣವು ಬೇರೊಂದಿಲ್ಲ. ಫರ್ನೇಸು ಎಂಬುದಕ್ಕೆ ಕನ್ನಡದ ವಿಭಕ್ತಿಯು ಹತ್ತಿದೊಡನೆ ಅದು ಕನ್ನಡದ ವ್ಯವಹಾರಕ್ಕೆ ಸೇರಿತು. ಶಾಸನಗಳಲ್ಲಿ ಬಂದ ಪ್ರಾಕೃತ, ಸಂಸ್ಕೃತ ಪದಗಳನ್ನೂ, ಮುಂದೆ ಬಂದ ಪಾರಸೀ, ಮರಾಠೀ ಪದಗಳನ್ನೂ ಆದರದಿಂದ ಬರಮಾಡಿಕೊಂಡ ಕೋಶಕಾರರು ಕಾರ್ಖಾನೆಯ ಪದಗಳನ್ನು ಮಾತ್ರ ಅಶುದ್ಧವೆಂದು ಹೊರಗಿಡುವುದಕ್ಕೆ ಶಾಸ್ತ್ರೀಯವಾದ ಕಾರಣವು ಕಾಣದು. ಬೇಸಾಯ, ನೇಯ್ಗೆ, ಕುಂಬಾರಿಕೆ ಮುಂತಾದ ಹಳ್ಳಿಯ ಕಸುಬುಗಳ ಪದಗಳನ್ನು ಕೂಡಿಸುವ ಪ್ರಯತ್ನಗಳು ಕನ್ನಡದಲ್ಲಿ ನಡೆದಿವೆ. ಆ ಆದರವು ಕಾರ್ಖಾನೆಯ ಕಸುಬಿಗೂ ಸಲ್ಲುವುದು ನ್ಯಾಯ.

೭

ಎರಡು ದಡಗಳನ್ನೂ ಬಲ್ಲವರು ಇರಲೇ ಇಲ್ಲವೆಂದು ತಿಳಿಯಬಾರದು. ವಿಶ್ವೇಶ್ವರಯ್ಯನವರು ಭದ್ರಾವತಿಯ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ವೇತನವನ್ನು ತಾವು ತೆಗೆದುಕೊಳ್ಳದೆ ವೃತ್ತಿಶಿಕ್ಷಣಕ್ಕೆ ವಿನಿಯೋಗವಾಗುವಂತೆ ಮಾಡಿದರು. ೧೯೪೩ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆಯು ಅದರ ಫಲ. ಕುಲುಮೆಯಲ್ಲಿ ಗಳಿಸಿದುದು ಶಾಲೆಗೆ ಸಂದ ಈ ಪ್ರಸಂಗವು ಮನನಯೋಗ್ಯವಾಗಿದೆ. ಸಾಹಿತ್ಯದ ಕಡೆಯಿಂದ ನೋಡಿದರೆ, ಭೂವಿಜ್ಞಾನವನ್ನು ಅಭ್ಯಾಸಮಾಡಿ, ಗಣಿ ಇಲಾಖೆಯಲ್ಲಿ ಕೆಲಸಮಾಡಿ, ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಆ ಶಾಸ್ತ್ರವನ್ನೇ ಬೋಧಿಸಿದ ಕವಿ ಶ್ರೀ ಕೆ. ಎಸ್. ನಿಸಾರ್ ಅಹಮದ್ ಅವರು ೨೦೦೬ರಲ್ಲಿ ಅದೇ ಊರಿನಲ್ಲಿ ಸೇರಿದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಕಲ್ಲನ್ನೂ ಮಾತನ್ನೂ ಬಲ್ಲವರಿಗೆ ಸಂದ ಆ ಗೌರವವು ಉಚಿತವಾಗಿತ್ತು. ಆದರೆ ಇವು ವ್ಯಕ್ತಿಗಳ ಮಹಿಮೆಗಳು. ವ್ಯಕ್ತಿಯು ಹೋದಮೇಲೆಯೂ ದಾರಿಯು ಉಳಿಯಬೇಕಾದರೆ ಸಂಸ್ಥೆಗಳು ಅದನ್ನು ಕೈಗೊಳ್ಳಬೇಕು.

ವಿಳಂಬಕ್ಕೆ ಈಗ ಅವಕಾಶವು ಕಡಿಮೆ. ಮರದ ಇದ್ದಲಿನ ಕುಲುಮೆಯ ಕಾಲವು ಕಳೆದುಹೋಗಿದೆ. ಕಬ್ಬಿಣದ ಕಾರ್ಖಾನೆಯು ೧೯೮೯ರಲ್ಲಿ ಸಂಸ್ಥಾನದ ಉತ್ತರಾಧಿಕಾರಿಯಾದ ರಾಜ್ಯದ ಕೈಯಿಂದ ಭಾರತೀಯ ಉಕ್ಕು ಪ್ರಾಧಿಕಾರದ ಕೈಗೆ ಹೋಯಿತು. ೨೦೨೩ರ ಆರಂಭದಲ್ಲಿ ಅದನ್ನು ಮುಚ್ಚುವ ನಿರ್ಣಯವು ಪ್ರಕಟವಾದಾಗ ಊರಿಗೆ ಊರೇ ಕಳವಳಗೊಂಡಿತು. ಕಾಗದದ ಕಾರ್ಖಾನೆಯ ಯಂತ್ರಗಳು ೨೦೧೫ರ ಸುಮಾರಿಗೇ ನಿಂತಿದ್ದುವು. ಕೂಲಿಯ ಪ್ರಶ್ನೆಯೂ ಬಂಡವಾಳದ ಪ್ರಶ್ನೆಯೂ ಅರ್ಥಶಾಸ್ತ್ರಜ್ಞರಿಗೆ ಸೇರಿದುವು. ವಿದ್ಯೆಯ ಪ್ರಶ್ನೆಯು ಮಾತ್ರ ವಿದ್ವತ್ಸಂಸ್ಥೆಗಳಿಗೆ ಸೇರಿದುದು. ಕಾರ್ಖಾನೆಯನ್ನು ಮತ್ತೆ ನಡೆಸಬಹುದು, ಯಂತ್ರವನ್ನು ಮತ್ತೆ ಕೊಳ್ಳಬಹುದು. ಕಿಟ್ಟದ ಬಣ್ಣವನ್ನು ನೋಡಿ ಕಾವನ್ನು ಹೇಳುತ್ತಿದ್ದ ವೃದ್ಧನು ತೀರಿಕೊಂಡರೆ ಅವನ ಶಬ್ದವೂ ಅದರ ಹಿಂದಿನ ನೋಟವೂ ಅವನೊಡನೆಯೇ ಹೋಗುವುವು. ಕಲ್ಲಿನ ಮೇಲಣ ಅಕ್ಷರವು ಸಾವಿರದ ಐನೂರು ವರ್ಷ ಓದುಗನಿಗಾಗಿ ಕಾದಿತ್ತು. ಬಾಯಿಯ ಮಾತು ಅಷ್ಟು ಕಾಲ ಕಾಯದು.

ಮಾಡಬೇಕಾದ ಕೆಲಸದ ಮಾದರಿಯು ಏಳನೆಯ ಮತ್ತು ಎಂಟನೆಯ ಶಾಸನಸಂಪುಟಗಳಲ್ಲಿಯೇ ಇದೆ. ಕಸುಬಿನ ಪ್ರತಿಯೊಂದು ಮಾತಿಗೂ ಶಾಸನಕ್ಕೆ ಕೊಟ್ಟಂತೆ ಒಂದು ನೆಲೆಯನ್ನು ಕೊಡಬೇಕು: ಯಾವ ವಿಭಾಗ, ಯಾವ ಕೆಲಸ, ಯಾವ ಕಾಲ, ಯಾವ ಮನೆಮಾತಿನವನ ಬಾಯಿಂದ ಬಂದುದು ಎಂದು. ಅರ್ಥವನ್ನು ಬರೆದಮೇಲೆ ಅದನ್ನು ಹೇಳಿದವನಿಗೇ ಓದಿ ತೋರಿಸಿ ತಿದ್ದಿಸಿಕೊಳ್ಳಬೇಕು. ಏಕೆಂದರೆ ಈ ವಿಷಯದಲ್ಲಿ ಪಂಡಿತನು ಅವನು. ಭದ್ರಾವತಿಯ ಬಳಿಯಲ್ಲಿಯೇ ಶಂಕರಘಟ್ಟದಲ್ಲಿ ೧೯೮೭ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾನಿಲಯವಿದೆ. ಶಿವಮೊಗ್ಗದಲ್ಲಿ ಕರ್ನಾಟಕ ಸಂಘವಿದೆ, ಸಹ್ಯಾದ್ರಿ ಕಾಲೇಜಿದೆ. ಕನ್ನಡದ ಅಧ್ಯಾಪಕನೂ ಲೋಹವಿದ್ಯೆಯನ್ನು ಬಲ್ಲವನೂ ನಿವೃತ್ತ ಕಾರ್ಮಿಕನ ಮನೆಯ ಜಗುಲಿಯಲ್ಲಿ ಕೂಡಿ ಕುಳಿತರೆ ಆ ಮೂವರಲ್ಲಿಯೇ ಜ್ಞಾನಜಾಲದ ಸರ್ವಾಂಗಗಳೂ ಸೇರಿದಂತಾಗುವುದು.

ಸಂಪದಭ್ಯುದಯ ಸಮಾಜದ ಕಾಲದಲ್ಲಿ ಸಾಹಿತ್ಯವೂ ಕೈಗಾರಿಕೆಯೂ ಒಂದೇ ಅಭ್ಯುದಯದ ಎರಡು ಮುಖಗಳೆಂಬ ನಂಬಿಕೆಯಿದ್ದಿತು. ಆ ನಂಬಿಕೆಯು ತಪ್ಪಾದುದೆಂದು ಯಾರೂ ತೋರಿಸಿಲ್ಲ. ಅದನ್ನು ನಡೆಸುವವರು ಕಡಿಮೆಯಾದರು, ಅಷ್ಟೆ. ಕುಲುಮೆಯ ಮಾತು ಕೋಶಕ್ಕೆ ಬರುವುದರಿಂದ ಕುಲುಮೆಗೆ ಎಷ್ಟು ಲಾಭವೋ ಕೋಶಕ್ಕೆ ಅದಕ್ಕಿಂತ ಹೆಚ್ಚು ಲಾಭ. ಹದವೆಂಬ ಶಬ್ದಕ್ಕೆ ಕೋಶದಲ್ಲಿ ಎಷ್ಟೇ ಅರ್ಥಗಳನ್ನು ಬರೆದರೂ, ಹದವನ್ನು ಬಲ್ಲವನ ಸಾಕ್ಷ್ಯವಿಲ್ಲದೆ ಆ ಬರವಣಿಗೆಯು ಪೂರ್ಣವಾಗಲಾರದು.